ನಗಿಸುವ ಹೆಣ್ಣುಮಕ್ಕಳು

ಅಳುವ ಗಂಡಸನ್ನೂ ನಗುವ ಹೆಂಗಸನ್ನೂ ನಂಬಬಾರದೆಂಬ ಗಾದೆಯು ನಮ್ಮಲ್ಲಿ ಬಹಳ ಹಳೆಯದು. ತರಗತಿಯಲ್ಲಿ ಗೆಳತಿಯರನ್ನು ನಗಿಸುವ ಬಾಲಿಕೆಯು ಮನೆಯಲ್ಲಿ ‘ಹಲ್ಲು ಕಿರಿಯಬೇಡ’ ಎಂಬ ಗದರಿಕೆಯನ್ನು ಕೇಳಬೇಕಾಗುತ್ತದೆ. ವಾರ್ಷಿಕೋತ್ಸವದ ನಾಟಕದಲ್ಲಿ ಮಗಳಿಗೆ ಹಾಸ್ಯಪಾತ್ರವು ದೊರೆತರೆ ತಾಯಿತಂದೆಗಳು ಸಂಕೋಚಪಡುವುದೂ ಉಂಟು. ಹಾಸ್ಯವು ಹೆಣ್ಣಿನ ಮರ್ಯಾದೆಗೆ ಕುಂದೆಂಬ ಈ ಭಾವನೆಯು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಇದಕ್ಕೆ ಅಮೆರಿಕಾ ದೇಶದ ನಟಿ ಕ್ಯಾರಲ್ ಬರ್ನೆಟ್ ಅವರ ಜೀವನವನ್ನು ನಿದರ್ಶನವಾಗಿ ವಾಚಕರ ಮುಂದಿಡುತ್ತೇವೆ.

ಇವರು 1933ರಲ್ಲಿ ಟೆಕ್ಸಾಸ್ ಪ್ರಾಂತದ ಸ್ಯಾನ್ ಆಂಟೋನಿಯೋ ನಗರದಲ್ಲಿ ಜನಿಸಿದರು. ತಾಯಿತಂದೆಗಳಿಬ್ಬರೂ ಮದ್ಯಪಾನಕ್ಕೆ ವಶರಾಗಿದ್ದುದರಿಂದ, ಅಜ್ಜಿಯೇ ಇವರನ್ನು ಹಾಲಿವುಡ್ಡಿನ ಒಂದೇ ಕೋಣೆಯ ಬಿಡಾರದಲ್ಲಿ ಸಾಕಿದರು. ವಿಶ್ವವಿದ್ಯಾನಿಲಯದಲ್ಲಿ ಓದುವಾಗ ಇವರ ಅಭಿನಯವನ್ನು ಕಂಡ ಗೃಹಸ್ಥರೊಬ್ಬರು, ನ್ಯೂಯಾರ್ಕಿಗೆ ಹೋಗಿ ಮುಂದುವರಿಯಲೆಂದು 1000 ಡಾಲರುಗಳನ್ನು ಸಾಲವಾಗಿ ಕೊಟ್ಟರು. ಬಡ್ಡಿಯಿಲ್ಲ, ಐದು ವರ್ಷಗಳಲ್ಲಿ ತೀರಿಸಬೇಕು, ಕೊಟ್ಟವರ ಹೆಸರನ್ನು ಹೇಳಕೂಡದು, ಏಳಿಗೆ ಹೊಂದಿದಲ್ಲಿ ಇತರರಿಗೆ ನೆರವಾಗಬೇಕು. ಇವೇ ಅವರ ನಿಬಂಧನೆಗಳು. ಸಾಲವು ತೀರಿತು, ಹೆಸರು ಹೊರಬೀಳಲಿಲ್ಲ.

ಮುಂದೆ ಸಿ.ಬಿ.ಎಸ್. ಟೆಲಿವಿಷನ್ ಸಂಸ್ಥೆಯೊಡನೆ ಮಾಡಿಕೊಂಡ ಕರಾರಿನಂತೆ, ಐದು ವರ್ಷಗಳೊಳಗೆ ಇವರು ಅಪೇಕ್ಷಿಸಿದರೆ ಒಂದೊಂದು ಗಂಟೆಯ 30 ಕಾರ್ಯಕ್ರಮಗಳನ್ನು ಸಂಸ್ಥೆಯು ಕೊಡಲೇಬೇಕಾಗಿತ್ತು. ಅವಧಿಯು ಮುಗಿಯುವ ವೇಳೆಗೆ ಇವರು ಅದನ್ನು ಕೇಳಿದಾಗ, ಹಾಡು, ಕುಣಿತ, ಕಿರುಪ್ರಹಸನಗಳ ಇಂಥ ಕಾರ್ಯಕ್ರಮವು ಗಂಡಸರ ಕೆಲಸವೆಂಬ ಉತ್ತರ ಬಂದಿತು. ಇವರು ಪಟ್ಟು ಬಿಡಲಿಲ್ಲ. 1967ರಲ್ಲಿ ಆರಂಭವಾದ ಆ ಕಾರ್ಯಕ್ರಮವು 1978ರವರೆಗೆ ನಡೆಯಿತು.

ಅದರಲ್ಲಿದ್ದುದು ಎಂತಹ ಹಾಸ್ಯ? ಪ್ರಸಿದ್ಧ ಚಲನಚಿತ್ರವೊಂದರಲ್ಲಿ ಬಡತನಕ್ಕೆ ಬಿದ್ದ ನಾಯಕಿಯು ಕಿಟಕಿಯ ಪರದೆಯಿಂದ ಉಡುಪನ್ನು ಹೊಲಿಸಿಕೊಳ್ಳುತ್ತಾಳೆ. 1976ರ ಪ್ರಹಸನವೊಂದರಲ್ಲಿ ಬರ್ನೆಟ್ ಅವರು ಆ ಪರದೆಯನ್ನು ಅದರ ಸರಳಿನ ಸಮೇತ ಹೆಗಲ ಮೇಲೆ ಹೊತ್ತು, ರಾಣಿಯ ಗಾಂಭೀರ್ಯದಿಂದ ಮೆಟ್ಟಿಲಿಳಿದು ಬಂದರು. ನೆಲವೊರಸುವ ಕೆಲಸದಾಕೆಯ ವೇಷವು ಅವರ ಗುರುತೇ ಆಯಿತು. ಸುಂದರಿಯಾಗಿ ಕಾಣಬೇಕೆಂಬ ಹಂಬಲವನ್ನು ಬದಿಗಿಟ್ಟು, ತನ್ನನ್ನೇ ನಗೆಗೆ ಗುರಿಮಾಡಿಕೊಳ್ಳುವುದಕ್ಕೆ ಧೈರ್ಯ ಬೇಕು.

ಹಾಗೆಂದು ಅವರಿಗೆ ಸ್ವಾಭಿಮಾನವು ಕಡಿಮೆಯಿತ್ತೆಂದು ಯಾರೂ ಎಣಿಸಬಾರದು. 1976ರಲ್ಲಿ ಪತ್ರಿಕೆಯೊಂದು, ಅವರು ಉಪಾಹಾರ ಗೃಹದಲ್ಲಿ ಕುಡಿದವರಂತೆ ವರ್ತಿಸಿದರೆಂದು ಸುಳ್ಳು ಬರೆಯಿತು. ಕುಡಿತದಿಂದ ಹೆತ್ತವರನ್ನು ಕಳೆದುಕೊಂಡ ಮಗಳು ಇದನ್ನು ಸಹಿಸದೆ ನ್ಯಾಯಾಲಯಕ್ಕೆ ಹೋಗಿ, 1981ರಲ್ಲಿ ಗೆದ್ದರು. ಪತ್ರಿಕಾಧರ್ಮದ ಶಿಕ್ಷಣಕ್ಕೆಂದು ಹವಾಯಿ ವಿಶ್ವವಿದ್ಯಾನಿಲಯಕ್ಕೆ ದ್ರವ್ಯಸಹಾಯವನ್ನೂ ಮಾಡಿದರು. ವೇಷದಲ್ಲಿ ನಗೆಗೀಡಾಗುವುದು ಬೇರೆ, ಬಾಳಿನಲ್ಲಿ ನಗೆಗೀಡಾಗುವುದು ಬೇರೆ. ಈ ಭೇದವನ್ನು ಅವರಷ್ಟು ಚೆನ್ನಾಗಿ ಬಲ್ಲವರು ವಿರಳ. 2005ರಲ್ಲಿ ಅಮೆರಿಕಾದ ಅಧ್ಯಕ್ಷರು ಅವರಿಗೆ ಸ್ವಾತಂತ್ರ್ಯ ಪದಕವನ್ನಿತ್ತು ಗೌರವಿಸಿದರು.

ಎಲ್ಲ ಬಾಲಿಕೆಯರೂ ರಂಗವನ್ನೇರಬೇಕೆಂದು ನಾವು ಹೇಳುವುದಿಲ್ಲ. ಪರರ ಕುಂದನ್ನು ಆಡಿಕೊಂಡು ನಗುವುದನ್ನು ತಿದ್ದಬೇಕಾದುದೂ ನಿಜವೇ. ಆದರೆ ನಗಿಸುವ ಶಕ್ತಿಯು ಗಣಿತದ ಜಾಣ್ಮೆಯಂತೆ, ಕಂಠದ ಇಂಪಿನಂತೆ ಒಂದು ವರವಾಗಿದೆ. ಹಾಡುವ ಮಗಳಿಗೆ ಸಂಗೀತದ ಮೇಷ್ಟರನ್ನು ಗೊತ್ತುಮಾಡುವ ನಾವು ನಗಿಸುವ ಮಗಳ ಬಾಯಿ ಮುಚ್ಚಿಸುವುದು ನ್ಯಾಯವೇ? ಮುಂದಿನ ವಾರ್ಷಿಕೋತ್ಸವದಲ್ಲಿ ಮಗಳು ವಿದೂಷಕನ ಪಾತ್ರವನ್ನು ಕೇಳಿಕೊಂಡು ಬಂದರೆ, ತಾಯಿತಂದೆಗಳು ಬೇಡವೆನ್ನದೆ ಬಂದು ಮುಂದಿನ ಸಾಲಿನಲ್ಲಿ ಕುಳಿತು, ಮನಸಾರೆ ನಗಬೇಕೆಂದು ನಮ್ಮ ಬಿನ್ನಹ.