ಇಂಗ್ಲಿಷ್ ಮೀಡಿಯಂಗೆ ಸೇರಿಸಿದರೆ ಇಂಗ್ಲಿಷ್ ಬರುತ್ತಾ? ದಾದರ್, ಠಾಣೆಯ ಅಧ್ಯಯನಗಳು ಹೇಳುವುದೇನು?

ಮುಂಬೈ: ಮಹಾರಾಷ್ಟ್ರದಲ್ಲಿ 2025ರಲ್ಲಿ ಭಾಷೆಯ ವಿಚಾರಕ್ಕೆ ದೊಡ್ಡ ರಾದ್ಧಾಂತವೇ ಆಯಿತು. ಒಂದನೇ ತರಗತಿಯಿಂದಲೇ ಹಿಂದಿಯನ್ನು ಮೂರನೇ ಭಾಷೆಯಾಗಿ ಕಡ್ಡಾಯ ಮಾಡಿ ಸರ್ಕಾರ ಏಪ್ರಿಲ್ 16ರಂದು ಆದೇಶ ಹೊರಡಿಸಿತು. ವಿರೋಧ ಜೋರಾದಾಗ ಜೂನ್ 17ರಂದು ಪರಿಷ್ಕೃತ ಆದೇಶ ಬಂತು. ಅದೂ ನಿಲ್ಲಲಿಲ್ಲ. ಜೂನ್ 29ರಂದು ಎರಡನ್ನೂ ಹಿಂಪಡೆದ ಸರ್ಕಾರ, ನರೇಂದ್ರ ಜಾಧವ್ ನೇತೃತ್ವದ ಸಮಿತಿಗೆ ವಿಷಯ ಒಪ್ಪಿಸುವುದಾಗಿ ಹೇಳಿತು. ಜುಲೈ 5ರಂದು ವರ್ಲಿಯಲ್ಲಿ ಉದ್ಧವ್ ಮತ್ತು ರಾಜ್ ಠಾಕ್ರೆ ಒಂದೇ ವೇದಿಕೆಯಲ್ಲಿ ಕಾಣಿಸಿಕೊಂಡಿದ್ದೂ ಇದೇ ಕಾರಣಕ್ಕೆ.

ಈ ಗದ್ದಲದಲ್ಲಿ ಇಂಗ್ಲಿಷ್ ಬಗ್ಗೆ ಯಾರೂ ಅಷ್ಟಾಗಿ ತಲೆಕೆಡಿಸಿಕೊಳ್ಳಲಿಲ್ಲ. ಮಹಾರಾಷ್ಟ್ರದ ಶಾಲೆಗಳಲ್ಲಿ 2000ದಿಂದಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಕಲಿಸಲಾಗುತ್ತಿದೆ. ಆದರೆ ಮಕ್ಕಳಿಗೆ ಅದು ಎಷ್ಟು ಬಂದಿದೆ? ಈ ಪ್ರಶ್ನೆ ಮುಂಬೈ ಕನ್ನಡಿಗರ ಮಟ್ಟಿಗೆ ನೇರ ಮನೆಬಾಗಿಲಿಗೇ ಬಂದು ನಿಲ್ಲುತ್ತದೆ. ಮುಂಬೈ ಮಹಾನಗರ ಪಾಲಿಕೆ ಎಂಟು ಮಾಧ್ಯಮಗಳಲ್ಲಿ ಶಾಲೆ ನಡೆಸುತ್ತದೆ, ಅದರಲ್ಲಿ ಕನ್ನಡವೂ ಒಂದು. ಪುಣೆಯ ಬಾಲಭಾರತಿ ಸಂಸ್ಥೆ ಕನ್ನಡದಲ್ಲೂ ಪಠ್ಯಪುಸ್ತಕ ಮುದ್ರಿಸುತ್ತದೆ. ಪುಸ್ತಕ ಇದೆ, ಶಾಲೆ ಇದೆ, ಬೆಂಚಿನಲ್ಲಿ ಕೂರುವ ಮಕ್ಕಳು ಮಾತ್ರ ಕಡಿಮೆಯಾಗುತ್ತಿದ್ದಾರೆ. ಕೇಳಿದರೆ ಬರುವ ಉತ್ತರ ಒಂದೇ: "ಇಂಗ್ಲಿಷ್ ಬೇಕಲ್ಲ!"

ದಾದರ್ ಹೇಳಿದ ಕಥೆ

ಪೋಷಕರ ಈ ಲೆಕ್ಕ ತಪ್ಪಲ್ಲ. ಅದಕ್ಕೆ ಸಾಕ್ಷಿ ಮುಂಬೈಯಲ್ಲೇ ಇದೆ. ಅರ್ಥಶಾಸ್ತ್ರಜ್ಞರಾದ ಕೈವನ್ ಮುನ್ಶಿ ಮತ್ತು ಮಾರ್ಕ್ ರೋಸೆನ್‌ಜ್ವೀಗ್ ದಾದರ್‌ನ ಶಾಲೆಗಳಲ್ಲಿ ಓದಿದವರ ಕುಟುಂಬಗಳನ್ನು ಸಮೀಕ್ಷೆ ಮಾಡಿ 2006ರಲ್ಲಿ 'ಅಮೆರಿಕನ್ ಎಕನಾಮಿಕ್ ರಿವ್ಯೂ' ಪತ್ರಿಕೆಯಲ್ಲಿ ಅಧ್ಯಯನ ಪ್ರಕಟಿಸಿದರು. 1990ರ ದಶಕದಲ್ಲಿ ಆರ್ಥಿಕತೆ ತೆರೆದುಕೊಂಡ ಮೇಲೆ ಇಂಗ್ಲಿಷ್ ಬಲ್ಲವರಿಗೆ ಸಿಗುವ ಹೆಚ್ಚುವರಿ ಸಂಬಳ ಏರಿತ್ತು. ಹಾಗಿದ್ದರೂ ಕೆಳಜಾತಿಗಳ ಗಂಡುಮಕ್ಕಳು ಮರಾಠಿ ಮಾಧ್ಯಮದಲ್ಲೇ ಉಳಿದರು. ಅಪ್ಪ, ಮಾವ, ಚಿಕ್ಕಪ್ಪ ಕೆಲಸ ಮಾಡುತ್ತಿದ್ದ ಕಡೆ ಅವರಿಗೂ ಕೆಲಸ ಸಿಗುತ್ತಿತ್ತು. ಜಾತಿಯ ಆ ಬಲೆ ಕೆಲಸ ಕೊಡಿಸುತ್ತಿತ್ತು, ಆದರೆ ಅಲ್ಲೇ ಕಟ್ಟಿಯೂ ಹಾಕುತ್ತಿತ್ತು. ಹೆಣ್ಣುಮಕ್ಕಳಿಗೆ ಅಂಥ ಬಲೆ ಇರಲಿಲ್ಲ. ಹಾಗಾಗಿ ಅವರು ಇಂಗ್ಲಿಷ್ ಮಾಧ್ಯಮದತ್ತ ಬೇಗ ಹೊರಳಿದರು.

ಅಧ್ಯಯನ ನಡೆದದ್ದು ಮರಾಠಿ ಕುಟುಂಬಗಳ ಮೇಲೆ. ಆದರೆ ಉಡುಪಿ, ಮಂಗಳೂರಿನಿಂದ ಮುಂಬೈ ಬಸ್ಸು ಹತ್ತಿದವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಪರಿಚಯದಲ್ಲಿ ಹೋಟೆಲ್ ಕೆಲಸ, ಹಗಲು ಟೇಬಲ್ ಒರೆಸಿ ಸಂಜೆ ಕನ್ನಡಿಗರ ಸಂಘಗಳು ನಡೆಸುತ್ತಿದ್ದ ರಾತ್ರಿ ಶಾಲೆ. ಆ ರಾತ್ರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿತು ಬ್ಯಾಂಕ್, ಆಫೀಸು ಸೇರಿದವರ ಮಕ್ಕಳು ಮುಂದೆ ಕನ್ನಡ ಮಾಧ್ಯಮದ ಕಡೆ ತಿರುಗಿಯೂ ನೋಡಲಿಲ್ಲ. ಇಂದು ಬಂಟರ ಸಂಘದ ಎಸ್.ಎಂ. ಶೆಟ್ಟಿ ಶಾಲೆ ಪೊವಾಯಿಯಲ್ಲಿ ನಡೆಯುತ್ತಿರುವುದೂ ಇಂಗ್ಲಿಷ್ ಮಾಧ್ಯಮದಲ್ಲೇ.

ದೇಶದ ಮಟ್ಟದಲ್ಲೂ ಲೆಕ್ಕ ಹೀಗೇ ಇದೆ. ಮೆಹ್ತಾಬುಲ್ ಆಜಂ, ಏಮಿ ಚಿನ್ ಮತ್ತು ನಿಶಿತ್ ಪ್ರಕಾಶ್ 2013ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಇಂಗ್ಲಿಷ್ ಚೆನ್ನಾಗಿ ಮಾತನಾಡಬಲ್ಲ ಪುರುಷರ ಗಂಟೆಯ ಸಂಪಾದನೆ ಇಂಗ್ಲಿಷ್ ಬಾರದವರಿಗಿಂತ ಸರಾಸರಿ ಶೇ 34ರಷ್ಟು ಹೆಚ್ಚು. ಅಲ್ಪಸ್ವಲ್ಪ ಬಲ್ಲವರಿಗೆ ಈ ಲಾಭ ಶೇ 13ಕ್ಕೆ ಇಳಿಯುತ್ತದೆ.

ಈ 34 ಮತ್ತು 13ರ ನಡುವಿನ ಅಂತರದಲ್ಲೇ ಇಡೀ ಸಮಸ್ಯೆ ಅಡಗಿದೆ. ಸಂಬಳ ಕೊಡುವವರು ನೋಡುವುದು ಶಾಲೆಯ ಬೋರ್ಡಿನ ಮೇಲಿರುವ ಇಂಗ್ಲಿಷ್ ಅನ್ನಲ್ಲ, ನಾಲಿಗೆಯ ಮೇಲಿರುವುದನ್ನು.

ಬೋರ್ಡು ಇಂಗ್ಲಿಷ್, ಪಾಠ ಹಿಂದಿ

ಕೇಂಬ್ರಿಜ್ ವಿಶ್ವವಿದ್ಯಾಲಯದ ಇಯಾಂಥಿ ಸಿಂಪ್ಲಿ ನೇತೃತ್ವದ ತಂಡ ದೆಹಲಿ, ಹೈದರಾಬಾದ್ ಮತ್ತು ಪಟ್ನಾದ ಪ್ರಾಥಮಿಕ ಶಾಲೆಗಳಲ್ಲಿ 'ಮಲ್ಟಿಲಿಲಾ' ಎಂಬ ಅಧ್ಯಯನ ನಡೆಸಿತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಅದರಲ್ಲಿ ಪಾಲುದಾರ. ಇಂಗ್ಲಿಷ್ ಮಾಧ್ಯಮದ ಕ್ಲಾಸಿನಲ್ಲೂ ಶಿಕ್ಷಕರು ಪಾಠ ಬಿಡಿಸಿ ಹೇಳುತ್ತಿದ್ದುದು ಹಿಂದಿ ಅಥವಾ ತೆಲುಗಿನಲ್ಲಿ. ಪುಸ್ತಕ, ಪರೀಕ್ಷೆ ಮಾತ್ರ ಇಂಗ್ಲಿಷಿನಲ್ಲಿ. ಅಂದರೆ ಅರ್ಥವಾದದ್ದು ಒಂದು ಭಾಷೆಯಲ್ಲಿ, ಬರೆಯಬೇಕಾದ್ದು ಇನ್ನೊಂದರಲ್ಲಿ. ಮುಂಬೈಯ ಚಾಳ್‌ಗಳ ಪಕ್ಕದಲ್ಲಿ, ಎರಡು ಮಹಡಿಯ ಕಟ್ಟಡದಲ್ಲಿ ನಡೆಯುವ ಅಗ್ಗದ ಇಂಗ್ಲಿಷ್ ಶಾಲೆಗಳನ್ನು ಕಂಡವರಿಗೆ ಇದು ಹೊಸದೇನೂ ಅಲ್ಲ.

ಹಾಗಂತ ಮಾತೃಭಾಷಾ ಮಾಧ್ಯಮದವರು ಬೀಗುವ ಹಾಗೂ ಇಲ್ಲ. ಮುಂಬೈಯಲ್ಲೇ 1995ರಲ್ಲಿ ಹುಟ್ಟಿದ ಪ್ರಥಮ್ ಸಂಸ್ಥೆಯ 'ಅಸರ್' ವರದಿ ನೋಡಿ. ದೇಶದಲ್ಲಿ ಸರಳ ಇಂಗ್ಲಿಷ್ ವಾಕ್ಯ ಓದಬಲ್ಲ ಐದನೇ ತರಗತಿ ಮಕ್ಕಳು 2016ರಲ್ಲಿ ಶೇ 24.7 ಇದ್ದರು, 2022ರಲ್ಲಿ ಶೇ 24.5. ಆರು ವರ್ಷದಲ್ಲಿ ಒಂದಿಂಚೂ ಮುಂದಕ್ಕೆ ಹೋಗಿಲ್ಲ. ಅಸರ್ ಗ್ರಾಮೀಣ ಸಮೀಕ್ಷೆ, ಮುಂಬೈ ಇದರಲ್ಲಿ ಸೇರುವುದಿಲ್ಲ ಎಂಬುದನ್ನು ಗಮನಿಸಬೇಕು. ಆದರೂ ಒಂದನೇ ತರಗತಿಯಿಂದ ಇಂಗ್ಲಿಷ್ ಪುಸ್ತಕ ಕೊಟ್ಟರೆ ಸಾಕು ಎಂಬ ಭ್ರಮೆ ಕಳಚಲು ಇಷ್ಟು ಸಾಕು.

ಹಾಗಾದರೆ ಏನು ಕೆಲಸ ಮಾಡುತ್ತದೆ?

ಇದಕ್ಕೂ ಉತ್ತರ ದೂರವಿಲ್ಲ. ಠಾಣೆ ಮತ್ತು ರಾಯಗಡ ಜಿಲ್ಲೆಯ ಮಾಣಗಾಂವ್‌ನಲ್ಲಿ ಪ್ರಥಮ್‌ನ ಇಂಗ್ಲಿಷ್ ಕಲಿಕೆ ಕಾರ್ಯಕ್ರಮವನ್ನು ಅರ್ಥಶಾಸ್ತ್ರಜ್ಞರು ಪರೀಕ್ಷೆಗೆ ಒಡ್ಡಿದ್ದರು. 'ಪಿಕ್‌ಟಾಕ್' ಎಂಬ ಪುಟ್ಟ ಯಂತ್ರ: ಮಗು ಚಿತ್ರವನ್ನು ಮುಟ್ಟಿದರೆ ಅದರ ಇಂಗ್ಲಿಷ್ ಹೆಸರು ಕೇಳಿಸುತ್ತದೆ. ಜತೆಗೆ ಶಿಕ್ಷಕರು ಆಡಿಸುವ ಆಟ, ಚಟುವಟಿಕೆ. ಎರಡರಿಂದಲೂ ಕಲಿಕೆ ಸುಧಾರಿಸಿತು. ಆದರೆ ಚುರುಕು ಮಕ್ಕಳು ಯಂತ್ರದಿಂದ ಹೆಚ್ಚು ಕಲಿತರೆ, ಹಿಂದುಳಿದ ಮಕ್ಕಳಿಗೆ ಹೆಚ್ಚು ಸಹಾಯವಾಗಿದ್ದು ಶಿಕ್ಷಕರು ನಡೆಸಿದ ಚಟುವಟಿಕೆಗಳಿಂದ. ಮಗುವಿನ ಕೈಗೆ ಟ್ಯಾಬ್ ಕೊಟ್ಟು ಕೈತೊಳೆದುಕೊಳ್ಳುವವರು ಇದನ್ನೊಮ್ಮೆ ಓದಬೇಕು.

ಇನ್ನೂ ಹಿಂದೆ ಹೋದರೆ ನಮ್ಮ ಬೆಂಗಳೂರೇ ಇದೆ. ಅಲ್ಲಿನ ರೀಜನಲ್ ಇನ್‌ಸ್ಟಿಟ್ಯೂಟ್ ಆಫ್ ಇಂಗ್ಲಿಷ್ ಮೂಲಕ ಎನ್.ಎಸ್. ಪ್ರಭು 1979ರಿಂದ 1984ರವರೆಗೆ ನಡೆಸಿದ 'ಬ್ಯಾಂಗಲೋರ್ ಪ್ರಾಜೆಕ್ಟ್' ಇವತ್ತಿಗೂ ಜಗತ್ತಿನೆಲ್ಲೆಡೆ ಇಂಗ್ಲಿಷ್ ಶಿಕ್ಷಕರ ತರಬೇತಿಯಲ್ಲಿ ಚರ್ಚೆಯಾಗುತ್ತದೆ. ವ್ಯಾಕರಣ ಉರುಹೊಡೆಸುವ ಬದಲು ನಕ್ಷೆ, ರೈಲು ವೇಳಾಪಟ್ಟಿಯಂಥವನ್ನು ಮುಂದಿಟ್ಟು ಮಕ್ಕಳಿಂದ ಸಮಸ್ಯೆ ಬಿಡಿಸುತ್ತಿದ್ದರು. ಅರ್ಥ ಹುಡುಕುವ ಭರದಲ್ಲಿ ಭಾಷೆ ತಾನಾಗಿ ಬರುತ್ತದೆ ಎಂಬುದು ಪ್ರಭು ಅವರ ವಾದ. ಪ್ರಯೋಗ ನಡೆದದ್ದು ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿ. ಚರ್ಚ್‌ಗೇಟ್–ವಿರಾರ್ ಲೋಕಲ್‌ನ ಟೈಂಟೇಬಲ್ ಬಾಯಿಪಾಠ ಇರುವ ಮುಂಬೈ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಪಾಠ ಇನ್ನೇನು ಬೇಕು?

ಕರ್ನಾಟಕದಲ್ಲಿ ಸರ್ಕಾರ 2019-20ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮ ತೆರೆದಾಗಲೂ ಜಗಳ ನಡೆದದ್ದು ಮಾಧ್ಯಮದ ಬಗ್ಗೆಯೇ, ಕಲಿಸುವ ವಿಧಾನದ ಬಗ್ಗೆ ಅಲ್ಲ. ಮಹಾರಾಷ್ಟ್ರದಲ್ಲಿ ಕನಿಷ್ಠ 'ಸೆಮಿ ಇಂಗ್ಲಿಷ್' ಎಂಬ ಮಧ್ಯದ ದಾರಿ ಇದೆ: ಗಣಿತ, ವಿಜ್ಞಾನ ಇಂಗ್ಲಿಷಿನಲ್ಲಿ, ಉಳಿದದ್ದು ಮಾತೃಭಾಷೆಯಲ್ಲಿ. ನನ್ನ ಅಭಿಪ್ರಾಯದಲ್ಲಿ ಮುಂಬೈಯ ಕನ್ನಡ ಶಾಲೆಗಳು ಉಳಿಯಬೇಕಾದರೆ ಭಾಷಾಭಿಮಾನದ ಭಾಷಣಕ್ಕಿಂತ ಮೊದಲು ಬೇಕಾಗಿರುವುದು ಒಬ್ಬ ಒಳ್ಳೆಯ ಇಂಗ್ಲಿಷ್ ಟೀಚರ್.

ಸದ್ಯಕ್ಕೆ ಪಾಲಿಕೆ ಹಿಡಿದಿರುವ ದಾರಿ ಬೇರೆ. 2020ರಿಂದೀಚೆಗೆ 'ಮುಂಬೈ ಪಬ್ಲಿಕ್ ಸ್ಕೂಲ್' ಹೆಸರಿನಲ್ಲಿ ಸಿಬಿಎಸ್‌ಇ, ಐಸಿಎಸ್‌ಇ, ಕೇಂಬ್ರಿಜ್ ಪಠ್ಯಕ್ರಮದ ಶಾಲೆಗಳು ಒಂದೊಂದಾಗಿ ತೆರೆದಿವೆ. ಫೀಸು ಇಲ್ಲದ ಇಂಗ್ಲಿಷ್ ಶಾಲೆ ಅದೇ ಪಾಲಿಕೆಯ ಕೈಯಿಂದ ಸಿಗುತ್ತಿರುವಾಗ, ಅದೇ ಪಾಲಿಕೆಯ ಕನ್ನಡ ಶಾಲೆಗೆ ಮಗುವನ್ನು ಕಳುಹಿಸಿ ಎಂದು ಪೋಷಕರ ಮನವೊಲಿಸುವ ಕೆಲಸ ಅಲ್ಲಿನ ಕನ್ನಡ ಶಿಕ್ಷಕರ ಪಾಲಿಗೆ ಬಂದಿದೆ.