ವೇತನಕ್ಕೆ ಒಕ್ಕೊರಲು, ಹಳ್ಳಿಗೆ ಒಡಕು ದನಿ

ಪಕ್ಷಭೇದವು ಪ್ರಜಾಪ್ರಭುತ್ವದ ಪ್ರಾಣವೆಂದು ನಮ್ಮ ಶಾಸಕ ಮಹಾಶಯರು ವೇದಿಕೆಯೇರಿದಾಗಲೆಲ್ಲ ಸಾರುತ್ತಿರುವರು. ಈ ತತ್ತ್ವವನ್ನು ನಾವು ಅಲ್ಲಗಳೆಯುವವರಲ್ಲ. ಆದರೆ ನಂಜನಗೂಡು ತಾಲ್ಲೂಕಿನ ತಗಡೂರಿನಂಥ ಒಂದು ಊರಿನಲ್ಲಿ ಕೊಳಾಯಿಗೆ ನೀರು ಬಾರದೆ ಹೋದರೆ, ಆ ಒಣಗಿದ ಕೊಳಾಯಿ ಯಾವ ಕಕ್ಷಿಗೆ ಸೇರಿದುದು? ಶಾಲೆಯ ಮಾಡು ಸೋರುವಾಗ ಮಳೆಯು ಯಾರ ಚಿಹ್ನೆಯನ್ನು ನೋಡಿ ಸುರಿಯುವುದು?

ತಗಡೂರೆಂದೊಡನೆ ಹಳಬರಿಗೆ ತಗಡೂರು ರಾಮಚಂದ್ರರಾಯರ ನೆನಪಾಗುವುದು. ಖಾದಿಯನ್ನೂ ಹರಿಜನ ಸೇವೆಯನ್ನೂ ವ್ರತವಾಗಿ ಹಿಡಿದು, ಸ್ವಾತಂತ್ರ್ಯಕ್ಕಾಗಿ ಸೆರೆಮನೆಯನ್ನು ಕಂಡವರು ಅವರು. ಅದೇ ಸೀಮೆಯ ಬದನವಾಳಿನಲ್ಲಿ 1927ರಲ್ಲಿ ನೂಲುವ ಕೇಂದ್ರವು ಏರ್ಪಟ್ಟಿತು. ಅದಕ್ಕಾಗಿ ಕೈಕೂಡಿಸಿದವರು ಯಾರು? ಒಂದು ಕಡೆ ಮೈಸೂರು ಅರಸರ ಸರ್ಕಾರ, ಇನ್ನೊಂದು ಕಡೆ ಗಾಂಧೀಜಿಯವರ ಚರಕಾ ಸಂಘ. ರಾಜಕೀಯದಲ್ಲಿ ಇವರಿಬ್ಬರ ದಾರಿ ಒಂದೇ ಆಗಿರಲಿಲ್ಲವೆಂಬುದನ್ನು ಹೇಳಬೇಕಾದುದಿಲ್ಲ. ಆದಾಗ್ಯೂ ಬಡವರ ಮನೆಯ ಚರಕ ತಿರುಗುವುದಕ್ಕೆ ಆ ಭೇದವು ಅಡ್ಡಿಯಾಗಲಿಲ್ಲ. ಆ ದಿನಗಳಲ್ಲಿ ಸಾಧ್ಯವಾದುದು, ಮತ ಕೊಟ್ಟು ನಾವೇ ಆರಿಸಿ ಕಳುಹಿಸಿದ ಸದಸ್ಯರಿಗೆ ಏಕೆ ಅಸಾಧ್ಯವಾಗಬೇಕು?

ಅಸಾಧ್ಯವಲ್ಲ. ಅದಕ್ಕೆ ಸಾಕ್ಷಿ ನಂಜನಗೂಡಿನ ದಕ್ಷಿಣಕ್ಕೆ ಸೇರಿದ ಗುಂಡ್ಲುಪೇಟೆಯ ಸೀಮೆಯಿಂದಲೇ ಬಂದಿದೆ. 1983ರಲ್ಲಿ ಜನತಾ ಪಕ್ಷಕ್ಕೆ ವಿಧಾನಸಭೆಯಲ್ಲಿ ದೊರೆತ ಸ್ಥಾನಗಳು 95. ಸಭೆಯ ಒಟ್ಟು ಸ್ಥಾನಗಳೋ 224. ಭಾರತೀಯ ಜನತಾ ಪಕ್ಷವೂ ಎಡಪಕ್ಷಗಳೂ ಹೊರಗಿನಿಂದ ಹೆಗಲು ಕೊಟ್ಟುದರಿಂದ ರಾಮಕೃಷ್ಣ ಹೆಗಡೆಯವರ ಸರ್ಕಾರವು ನಿಂತಿತು. ಇಂಥ ಆತುಕೊಂಡ ಸರ್ಕಾರದಲ್ಲಿ ಗ್ರಾಮಾಭಿವೃದ್ಧಿಯ ಹೊಣೆ ಹೊತ್ತ ಅಬ್ದುಲ್ ನಜೀರ್ ಸಾಬರು ಜಿಲ್ಲಾ ಪರಿಷತ್ತು, ಮಂಡಲ ಪಂಚಾಯತಿಗಳ ಶಾಸನವನ್ನು ತಂದರು. ಬಹುಮತದ ಕೊಬ್ಬಿನಿಂದ ಹುಟ್ಟಿದ ಶಾಸನವಲ್ಲ ಅದು. ಬೇರೆ ಬೇರೆ ಬಾವುಟದವರ ಬಲವಿಲ್ಲದೆ ಅದು ಕದಲುವಂತೆಯೇ ಇರಲಿಲ್ಲ. 1985ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿದ್ದು, 1987ರಲ್ಲಿ ಚುನಾವಣೆಗಳು ನಡೆದುವು. ಸ್ತ್ರೀಯರಿಗೆ ನೂರಕ್ಕೆ 25 ಸ್ಥಾನಗಳು ಮೀಸಲಾದುವು. ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯಮಂತ್ರಿಯ ಸ್ಥಾನಮಾನ ಬಂದಿತು. ಕೊಳವೆಬಾವಿಗಳನ್ನು ತೋಡಿಸಿದ ಆ ಮಂತ್ರಿಯನ್ನು ಜನರು 'ನೀರ್ ಸಾಬ್' ಎಂದು ಕರೆದರು. ಸರ್ಕಾರವು ಕೊಡುವ ಬಿರುದುಗಳನ್ನು ಜನರು ಮರೆಯುವರು. ಜನರು ಕೊಟ್ಟ ಈ ಬಿರುದು ಇನ್ನೂ ಮಾಸಿಲ್ಲ.

ಮುಂದೇನಾಯಿತು? ಆ ಸಭೆಗಳ ಅವಧಿ ಮುಗಿದಾಗ ಅಧಿಕಾರದಲ್ಲಿದ್ದ ಇನ್ನೊಂದು ಕಕ್ಷಿಯ ಸರ್ಕಾರವು ಚುನಾವಣೆಯನ್ನು ನಡೆಸದೆ ಆಡಳಿತಾಧಿಕಾರಿಗಳನ್ನು ತಂದು ಕೂರಿಸಿತು. ಇಂಥ ಆಟವು ಮರಳಿ ನಡೆಯದಿರಲೆಂದಲ್ಲವೆ ಸಂವಿಧಾನದ 73ನೆಯ ತಿದ್ದುಪಡಿಯಲ್ಲಿ, ಐದು ವರ್ಷ ತುಂಬುವ ಮೊದಲೇ ಚುನಾವಣೆ ಮುಗಿಯತಕ್ಕದ್ದೆಂದು ವಿಧಿಸಿದುದು! ಆದರೆ 2016ರಲ್ಲಿ ಆರಿಸಿ ಬಂದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯತಿಗಳ ಅವಧಿಯು 2021ರಲ್ಲಿ ತೀರಿತು. ಅದೇ ವರ್ಷ ಕ್ಷೇತ್ರ ವಿಂಗಡಣೆಯ ಅಧಿಕಾರವನ್ನು ರಾಜ್ಯ ಚುನಾವಣಾ ಆಯೋಗದ ಕೈಯಿಂದ ಕಿತ್ತು ಬೇರೊಂದು ಆಯೋಗಕ್ಕೆ ಒಪ್ಪಿಸಲಾಯಿತು. ವಿಂಗಡಣೆಯೆಂದು ಕೆಲಕಾಲ, ಮೀಸಲಾತಿಯ ಪಟ್ಟಿಯೆಂದು ಕೆಲಕಾಲ, ನ್ಯಾಯಾಲಯವೆಂದು ಮತ್ತಷ್ಟು ಕಾಲ ಕಳೆಯಿತು. 2023ರಲ್ಲಿ ಸರ್ಕಾರವು ಬದಲಾಯಿತು; ಅಂದು ವಿಳಂಬವನ್ನು ಖಂಡಿಸುತ್ತಿದ್ದವರು ಗಾದಿಗೆ ಬಂದರು, ಗಾದಿಯಲ್ಲಿದ್ದವರು ಖಂಡಿಸುವ ಸರದಿಯನ್ನು ವಹಿಸಿಕೊಂಡರು. 2024 ಮುಗಿದರೂ ಚುನಾವಣೆ ನಡೆಯಲಿಲ್ಲ. ನಂಜನಗೂಡಿನ ತಾಲ್ಲೂಕು ಪಂಚಾಯತಿಯಲ್ಲಿಯೂ ಮೈಸೂರಿನ ಜಿಲ್ಲಾ ಪಂಚಾಯತಿಯಲ್ಲಿಯೂ ಹಳ್ಳಿಯ ಪರವಾಗಿ ಎದ್ದು ನಿಂತು ಕೇಳುವ ಸದಸ್ಯನೇ ಇಲ್ಲದೆ ವರ್ಷಗಳು ಉರುಳಿದುವು.

ಇದರ ಅರ್ಥವನ್ನು ಪಟ್ಟಣವಾಸಿಗಳು ಚೆನ್ನಾಗಿ ಮನಗಾಣಬೇಕು. ಗ್ರಾಮಾಂತರದ ಪ್ರಾಥಮಿಕ ಶಾಲೆ, ಆರೋಗ್ಯ ಕೇಂದ್ರ, ಅಂಗನವಾಡಿ, ಕುಡಿಯುವ ನೀರು, ಇವೆಲ್ಲಕ್ಕೂ ಹಣವು ಹರಿಯುವುದು ಬಹುಪಾಲು ಜಿಲ್ಲಾ ಪಂಚಾಯತಿಯ ಕಾಲುವೆಯ ಮೂಲಕ. ಅಲ್ಲಿ ಎದುರು ಕಕ್ಷಿಗಳವರು ಒಂದೇ ಮೇಜಿನ ಸುತ್ತ ಕುಳಿತು, ಈ ವರ್ಷ ಯಾವ ಊರಿಗೆ ಕೊಠಡಿ, ಯಾವ ಊರಿಗೆ ದಾದಿ ಎಂದು ಜಗಳವಾಡಿಯಾದರೂ ಇತ್ಯರ್ಥ ಮಾಡಿಕೊಳ್ಳಬೇಕಾಗುವುದು. ಪಕ್ಷಾತೀತ ಸೇವೆಯೆಂದರೆ ಇದೇ ಹೊರತು ವೇದಿಕೆಯ ಮೇಲಿನ ಹಸ್ತಲಾಘವವಲ್ಲ. ಆ ಮೇಜನ್ನೇ ಎತ್ತಿಹಾಕಿದ ಮೇಲೆ ಹಳ್ಳಿಗನು ಶಾಸಕರ ಮನೆಯ ಜಗಲಿಯಲ್ಲಿ ಅರ್ಜಿ ಹಿಡಿದು ಕಾಯಬೇಕು. ಕಾಯುವವರು ಇರಲೆಂಬುದೇ ಕೆಲವರ ಅಪೇಕ್ಷೆಯೆಂದು ನಾವು ಹೇಳಿದರೆ, ಅದನ್ನು ಅನ್ಯಾಯವೆನ್ನಲು ಶಾಸಕರಲ್ಲಿ ಎಷ್ಟು ಮಂದಿ ಮುಂದೆ ಬರುವರೋ!

ನಮ್ಮ ಪ್ರತಿನಿಧಿಗಳಿಗೆ ಒಗ್ಗೂಡುವ ಕಲೆ ತಿಳಿಯದೆಂದು ಮಾತ್ರ ಯಾರೂ ಭ್ರಮಿಸಬಾರದು. 2022ರ ಫೆಬ್ರವರಿಯಲ್ಲಿ ಕಾಂಗ್ರೆಸ್ಸಿಗರು ಸಭೆಯೊಳಗೆ ಧರಣಿ ಕುಳಿತಿರುವಾಗಲೇ ಶಾಸಕರ ವೇತನದ ಮಸೂದೆಯು ಚರ್ಚೆಯಿಲ್ಲದೆ ಅಂಗೀಕೃತವಾಯಿತು. 2025ರ ಮಾರ್ಚ್ 21ರಂದು ಪಾತ್ರಗಳು ಅದಲುಬದಲಾಗಿದ್ದುವು. ಈ ಸಲ ಗದ್ದಲವೆಬ್ಬಿಸಿದವರು ಭಾಜಪದವರು. ಅವರಲ್ಲಿ 18 ಮಂದಿ ಅಂದೇ ಅಮಾನತುಗೊಂಡರು. ಅದೇ ಗದ್ದಲದ ನಡುವೆ ಶಾಸಕರ ಮಾಸಿಕ ವೇತನವು 40,000 ರೂಪಾಯಿಗಳಿಂದ 80,000ಕ್ಕೆ ಏರಿತು, ಅದೂ ಚರ್ಚೆಯಿಲ್ಲದೆ! ಸಮುದ್ರವು ಎಷ್ಟೇ ಮೊರೆದರೂ ಈ ಒಂದು ದೋಣಿ ಮಾತ್ರ ಮುಳುಗುವುದಿಲ್ಲ.

ಸ್ವಾರ್ಥವಿಲ್ಲದ ಒಗ್ಗಟ್ಟಿನ ನಿದರ್ಶನವೂ ಇದೆ. ನ್ಯಾಯವಾಗಿ ಅದನ್ನೂ ಹೇಳಬೇಕು. 1948ರವರೆಗೆ ನಿಜಾಮನ ಆಳ್ವಿಕೆಯಲ್ಲಿ ನರಳಿ, 1956ರಲ್ಲಿ ತಾಯನ್ನು ಕೂಡಿಕೊಂಡ ನಮ್ಮ ಈಶಾನ್ಯ ಜಿಲ್ಲೆಗಳಿಗೆ ವಿಶೇಷ ಸ್ಥಾನವನ್ನು ದೊರಕಿಸುವ ಪ್ರಯತ್ನದಲ್ಲಿ ಎಲ್ಲ ಕಕ್ಷಿಗಳೂ ಒಂದಾದುವು. ಬೆಂಗಳೂರಿನಲ್ಲಿ ಒಂದು ಪಕ್ಷದ ಸರ್ಕಾರ, ದೆಹಲಿಯಲ್ಲಿ ಇನ್ನೊಂದರ ಸರ್ಕಾರವಿದ್ದಾಗಲೇ, 2012ರ ಡಿಸೆಂಬರಿನಲ್ಲಿ ಸಂಸತ್ತು 371-ಜೆ ವಿಧಿಯನ್ನು ಅಂಗೀಕರಿಸಿತು. ಪ್ರಾಂತದ ಏಕೀಕರಣವು ನಕಾಶೆಯ ಗೆರೆಯಲ್ಲಿ ಮುಗಿಯುವುದಲ್ಲ. ಬೀದರದ ಹಳ್ಳಿಗೂ ತಗಡೂರಿಗೂ ಸಮಾನವಾದ ಶಾಲೆ, ಸಮಾನವಾದ ಆಸ್ಪತ್ರೆ ಒದಗಿದಾಗ ಅದು ಪೂರ್ಣವಾಗುವುದು.

ವಿರೋಧ ಪಕ್ಷವು ವಿರೋಧಿಸದಿದ್ದರೆ ಸರ್ಕಾರವು ಸ್ವೇಚ್ಛಾಚಾರಿಯಾಗದೆ ಎಂದು ಕೆಲವರು ಕೇಳಬಹುದು. ಲೆಕ್ಕ ಕೇಳಿರಿ, ಲಂಚವನ್ನು ಬಯಲಿಗೆಳೆಯಿರಿ, ಯಾರು ಬೇಡವೆಂದರು? ಬಾವಿಯ ಖರ್ಚನ್ನು ಪರೀಕ್ಷಿಸುವುದು ಬೇರೆ, ಬಾವಿಯನ್ನೇ ತಡೆಯುವುದು ಬೇರೆ.

ಮೈಸೂರು ಜಿಲ್ಲೆಯ ಶಾಸಕರೂ ಸಂಸತ್ಸದಸ್ಯರೂ ತಮ್ಮ ಬಾವುಟಗಳನ್ನು ಹೊರಗೆ ಊರಿಬಂದು, ಪಂಚಾಯತಿಗಳ ಚುನಾವಣೆ ಇನ್ನೆಂದಿಗೂ ಒಂದು ದಿನವೂ ತಡವಾಗಕೂಡದೆಂಬ ಒಂದೇ ಮನವಿಗೆ ಜೊತೆಯಾಗಿ ಸಹಿ ಹಾಕಲಿ. ತಾಲ್ಲೂಕಿನ ಕೆ.ಡಿ.ಪಿ. ಸಭೆಯಲ್ಲಿ ಗೆದ್ದ ಶಾಸಕರು ಕುಳಿತಾಗ, ಎದುರು ಕಕ್ಷಿಯವರಿಗೂ ಒಂದೆರಡು ಕುರ್ಚಿ ಹಾಕಿಸಲಿ. ಉಪಾಧ್ಯಾಯ ಮಿತ್ರರೇ, ಮತ ಯಾಚಿಸಲು ಇವರು ನಿಮ್ಮ ಊರಿಗೆ ಬಂದಾಗ ಈ ಎರಡನ್ನೂ ಕೇಳಿರಿ; ಅವರು ಕೊಡುವ ಉತ್ತರವನ್ನು ದಿನಾಂಕ ಸಹಿತವಾಗಿ ಶಾಲೆಯ ಕರಿಹಲಗೆಯ ಮೇಲೆ ಬರೆಯಿಸಿರಿ.