ಶಿಶುವಿನ ಬೆಳವಣಿಗೆಯೂ ಹಿರಿಯರ ಆತುರಾಲಸ್ಯಗಳೂ

ಮಕ್ಕಳ ವಿಷಯದಲ್ಲಿ ನಮ್ಮ ಜನರು ಈಗ ಎರಡು ಅಪರಾಧಗಳನ್ನು ಏಕಕಾಲದಲ್ಲಿ ಮಾಡುತ್ತಿರುವರು. ಕಾಲ ಬಾರದಿರುವಲ್ಲಿ ಅವಸರಪಡುವುದು ಒಂದು. ಕಾಲ ಮೀರಿದಲ್ಲಿ ಸುಮ್ಮನಿರುವುದು ಮತ್ತೊಂದು. ಇವೆರಡೂ ಪರಸ್ಪರ ವಿರುದ್ಧವೆಂದು ಮೇಲುನೋಟಕ್ಕೆ ತೋರಿದರೂ ಇವುಗಳ ಮೂಲ ಒಂದೇ. ಮಗುವನ್ನು ನೋಡದೆ, ಮಗುವಿನಿಂದ ತಮಗೆ ಬರತಕ್ಕ ಮಾನಾಪಮಾನಗಳನ್ನು ಮಾತ್ರ ನೋಡುವುದೇ ಆ ಮೂಲ. ಈ ಮಾತು ಕೆಲವರಿಗೆ ಕಟುವಾಗಿ ತೋರಬಹುದು. ಆದರೂ ಹೇಳದೆ ವಿಧಿಯಿಲ್ಲ.

ಮೊದಲು ಅವಸರದ ವಿಚಾರ. ನೆರೆಮನೆಯ ಕೂಸು ಹತ್ತನೆಯ ತಿಂಗಳಿಗೆ ಹೆಜ್ಜೆಯಿಟ್ಟಿತೆಂದು ಕೇಳಿದೊಡನೆ ನಮ್ಮ ಮನೆಯ ಕೂಸಿಗೆ ಏನೋ ಕುಂದು ಬಂದಿತೆಂದು ಕಳವಳಗೊಳ್ಳುವರು. ವಾಸ್ತವವೇನು? ವಿಶ್ವ ಆರೋಗ್ಯ ಸಂಸ್ಥೆಯವರು ಇಂಡಿಯಾ, ಘಾನಾ, ನಾರ್ವೆ, ಓಮಾನ್, ಅಮೆರಿಕ ಎಂಬ ಐದು ದೇಶಗಳ ಆರೋಗ್ಯವಂತ ಶಿಶುಗಳನ್ನು ಪರೀಕ್ಷಿಸಿ 2006ರಲ್ಲಿ ತಮ್ಮ ನಿರ್ಣಯವನ್ನು ಪ್ರಕಟಿಸಿದರು. ಅದರಂತೆ ಆಸರೆಯಿಲ್ಲದೆ ಕುಳಿತುಕೊಳ್ಳುವ ಕಾಲ 3.8 ತಿಂಗಳಿಂದ 9.2 ತಿಂಗಳವರೆಗೆ, ತಾನಾಗಿ ನಡೆಯುವ ಕಾಲ 8.2 ತಿಂಗಳಿಂದ 17.6 ತಿಂಗಳವರೆಗೆ. ಇನ್ನು ಅಂಬೆಗಾಲಿನ ಸಂಗತಿಯಾದರೋ, ನೂರಕ್ಕೆ ನಾಲ್ಕು ಮಕ್ಕಳು ಆ ಮೆಟ್ಟಿಲನ್ನು ಹತ್ತದೆಯೇ ನಡೆಯತೊಡಗುವರು. ಆದುದರಿಂದ ಪ್ರಕೃತಿಯು ಶಿಶುವಿಗೆ ಕೊಟ್ಟಿರುವುದು ಒಂದು ದಿನದ ಮುಹೂರ್ತವಲ್ಲ, ತಿಂಗಳುಗಟ್ಟಲೆಯ ಅವಕಾಶ. ಹತ್ತರಲ್ಲಿ ನಡೆದುದು ಪಂಡಿತನಾಗುವುದೂ ಇಲ್ಲ, ಹದಿನೈದರಲ್ಲಿ ನಡೆದುದು ಮೂಢನಾಗುವುದೂ ಇಲ್ಲ.

ಆದರೂ ಅಂಗಡಿಯಿಂದ ಚಕ್ರದ ವಾಕರನ್ನು ತಂದು, ಸೊಂಟ ಇನ್ನೂ ನಿಲ್ಲದ ಕೂಸನ್ನು ಅದರೊಳಗೆ ಇಳಿಬಿಡುವರು. ಅದರಿಂದ ನಡಿಗೆ ಬೇಗ ಬರುವುದೆಂಬುದು ಭ್ರಾಂತಿ. ಕೂಸು ಅದರಲ್ಲಿ ಕುಳಿತು ಮೆಟ್ಟಿಲಿನಿಂದ ಉರುಳಿ ಪೆಟ್ಟು ತಿನ್ನುವುದು ಮಾತ್ರ ದಿಟ. ಈ ಕಾರಣದಿಂದಲೇ ಕೆನಡಾ ದೇಶದವರು 2004ರಲ್ಲಿ ಇದರ ಮಾರಾಟವನ್ನೇ ನಿಷೇಧಿಸಿದರು. ಇಲ್ಲಿ ನಮ್ಮ ಪೂರ್ವಿಕರ ವಿವೇಕವನ್ನೂ ನೋಡತಕ್ಕುದು. ನೇಪಾಳದಲ್ಲಿ ದೊರೆತು 1938ರಲ್ಲಿ ಮುಂಬಯಿಯಲ್ಲಿ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ಫಕ್ಕರೋಗವೆಂಬ ಪ್ರಕರಣವಿದೆ. ಒಂದು ವರ್ಷ ತುಂಬಿದರೂ ಕಾಲೂರಿ ನಡೆಯಲಾರದ ಶಿಶುವಿಗೆ ಆ ಹೆಸರು. ಅದಕ್ಕೆ ಕಾರಣಭೇದಗಳನ್ನು ಹೇಳಿ, ಚಿಕಿತ್ಸೆಯ ಅಂಗವಾಗಿ ಮೂರು ಚಕ್ರದ ಪುಟ್ಟ ರಥವನ್ನು ವಿಧಿಸಿರುವರು. ಅವರ ಒಂದು ವರ್ಷದ ಅವಧಿಯನ್ನು ಇಂದಿನ ಶೋಧನೆಯು ಹಿಗ್ಗಿಸಿದೆ, ಅದನ್ನು ಒಪ್ಪೋಣ. ಆದರೆ ಆ ರಥವು ತಡೆದವನಿಗೆ ಔಷಧವೇ ಹೊರತು ಓಡಿಸುವವರ ಹೆಮ್ಮೆಗೆ ಆಟಿಕೆಯಲ್ಲ. ಔಷಧವನ್ನು ನಿರೋಗಿಗೆ ಕುಡಿಸುವುದು ಯಾವ ಜಾಣತನ?

ನಡಿಗೆಯ ಆತುರ ಮುಗಿಯುವಷ್ಟರಲ್ಲಿ ಅಕ್ಷರದ ಆತುರ ಹತ್ತಿಕೊಳ್ಳುವುದು. ಮೂರು ತುಂಬದ ಮಗುವಿನ ಕೈಗೆ ಪೆನ್ಸಿಲನ್ನು ತುರುಕಿ, ಪುಟ ತುಂಬ ಬರೆಯಿಸಿ, ಬರೆಯದಿದ್ದರೆ ಗದರಿಸುವ ಶಿಶುವಿಹಾರಗಳು ಊರೂರಿಗೂ ಹಬ್ಬಿವೆ. ಬೆರಳಿನ ಬೆಳವಣಿಗೆಗೂ ಒಂದು ಕ್ರಮವುಂಟು. ಸಾಮಾನ್ಯವಾಗಿ ಮೂರರ ಮಗು ಒಂದು ಸೊನ್ನೆಯನ್ನು ನೋಡಿ ಬರೆಯಬಲ್ಲುದು. ನಾಲ್ಕರ ಸುಮಾರಿಗೆ ಕೂಡುವ ಗುರುತು. ಐದರ ಸುಮಾರಿಗೆ ತ್ರಿಕೋಣ. ಸೊನ್ನೆಯೊಂದೇ ಸಾಧ್ಯವಾದ ಕೈಯಿಂದ ಸುತ್ತುಸುತ್ತಾದ ಅಕಾರವನ್ನೂ ಋಕಾರವನ್ನೂ ಹಿಂಡಿ ತೆಗೆಯುವುದು ಶಿಕ್ಷಣವಲ್ಲ, ಶಿಕ್ಷೆ. ಐದನೆಯ ವರ್ಷದಲ್ಲಿ ಅಕ್ಷರಾಭ್ಯಾಸವೆಂದು ಹಿಂದಿನವರು ಇಟ್ಟುಕೊಂಡಿದ್ದ ರೂಢಿಯನ್ನು ಹಳೆಯದೆಂದು ನಕ್ಕವರು, ಒಂದನೆಯ ತರಗತಿಗೆ ಆರು ವರ್ಷ, ಅದಕ್ಕೆ ಮೊದಲು ಆಟಪಾಠ ಎಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಹೇಳಿದುದನ್ನಾದರೂ ಓದಬಾರದೆ?

ತಿದ್ದಿದರೆ ಬೇಗ ಬಾರದೆ ಎಂದು ಕೇಳುವವರಿಗೆ ಒಂದು ದೃಷ್ಟಾಂತ. 1929ರಲ್ಲಿ ಅಮೆರಿಕದ ಆರ್ನಾಲ್ಡ್ ಗೆಸೆಲ್, ಹೆಲೆನ್ ಥಾಂಪ್ಸನ್ ಎಂಬ ವಿದ್ವಾಂಸರು ಅವಳಿ ಶಿಶುಗಳಲ್ಲಿ ಒಂದಕ್ಕೆ 46ನೆಯ ವಾರದಿಂದ ಆರು ವಾರ ಮೆಟ್ಟಿಲೇರುವ ಅಭ್ಯಾಸ ಮಾಡಿಸಿದರು. ಮತ್ತೊಂದಕ್ಕೆ 53ನೆಯ ವಾರದಿಂದ ಎರಡೇ ವಾರ ಅಭ್ಯಾಸವಾಯಿತು. ಕಾಲು ಬಲಿತ ಮೇಲೆ ಕಲಿತ ಎರಡನೆಯದು ಆ ಎರಡು ವಾರಗಳಲ್ಲಿಯೇ ಮೊದಲನೆಯದರ ಆರು ವಾರಗಳ ಗಳಿಕೆಯನ್ನು ಹಿಡಿದುಬಿಟ್ಟಿತು. ಒಂದು ಜೋಡಿಯಿಂದ ಸರ್ವವೂ ಸಿದ್ಧವಾಯಿತೆನ್ನಲಾಗದು. ಮಗುವಿಗೆ ಹಿರಿಯರ ಮಾತು, ತೊಡೆ, ಆಡಲು ನೆಲ ಇವೆಲ್ಲ ಬೇಕೇ ಬೇಕು. ಆದರೆ ಹಣ್ಣಾಗದ ಕಾಯನ್ನು ಹಿಸುಕಿದರೆ ಅದು ಹಣ್ಣಾಗದು, ಜಜ್ಜಿಹೋಗುವುದು ಎಂಬಷ್ಟು ಇದರಿಂದ ಸ್ಪಷ್ಟ.

ಇನ್ನು ಎರಡನೆಯ ಅಪರಾಧ. ಇದು ಮೊದಲನೆಯದಕ್ಕಿಂತ ಘೋರವಾದುದು. ಎರಡು ವರ್ಷವಾದರೂ ಮಗು ಮಾತನಾಡದಿದ್ದರೆ, "ಅವರಪ್ಪನೂ ತಡವಾಗಿಯೇ ಮಾತು ಕಲಿತ, ಗಂಡುಹುಡುಗರು ಹಾಗೆಯೇ" ಎನ್ನುವರು; ನಾಲಗೆಗೆ ಬಜೆಯನ್ನು ತೇಯ್ದು ಹಚ್ಚುವರು; ಹರಕೆ ಹೊರುವರು. ಹರಕೆಯನ್ನು ನಾನು ಬೇಡವೆನ್ನುವುದಿಲ್ಲ. ಆದರೆ ಕಿವಿ ಕೇಳಿಸುವುದೋ ಇಲ್ಲವೋ ಎಂದು ನೋಡುವವರು ಯಾರು? ನಾನು ಪಾಠ ಹೇಳುತ್ತಿದ್ದ ಕಾಲದಲ್ಲಿ ಏಳು ವರ್ಷದ ಬಾಲಕನೊಬ್ಬನು ಬೇರೊಂದು ಶಾಲೆಯಿಂದ ಮಂದಬುದ್ಧಿಯೆಂಬ ಬಿರುದನ್ನು ಹೊತ್ತು ನಮ್ಮಲ್ಲಿಗೆ ಬಂದನು. ಎದುರಿಗೆ ನಿಂತು ಹೇಳಿದರೆ ತುಟಿಯನ್ನು ನೋಡಿ ಉತ್ತರ ಕೊಡುವನು. ಬೆನ್ನ ಹಿಂದಿನಿಂದ ಕೂಗಿದರೆ ತಿರುಗನು. ಪರೀಕ್ಷೆ ಮಾಡಿಸಿದಾಗ ಎರಡು ಕಿವಿಗಳೂ ಮಂದವೆಂದು ತಿಳಿಯಿತು. ಬುದ್ಧಿ ಮಂದವಾಗಿದ್ದುದು ಹುಡುಗನದಲ್ಲ, ಏಳು ವರ್ಷ ಸುತ್ತಲಿದ್ದವರದು. ಶ್ರವಣದೋಷವನ್ನು ಒಂದು ತಿಂಗಳೊಳಗೆ ಶೋಧಿಸಿ, ಮೂರು ತಿಂಗಳೊಳಗೆ ನಿಶ್ಚಯಿಸಿ, ಆರು ತಿಂಗಳೊಳಗೆ ಉಪಚಾರ ತೊಡಗಬೇಕೆಂಬುದು ತಜ್ಞರ ನಿಯಮ. ಎಲ್ಲಿಯ ಆರು ತಿಂಗಳು, ಎಲ್ಲಿಯ ಏಳು ವರ್ಷ!

ಇದಕ್ಕೆ ಎರಡು ಆಕ್ಷೇಪಗಳು ಬರುವುವು. "ನಮ್ಮ ಅಜ್ಜಿಯರಿಗೆ ಈ ಪಟ್ಟಿಗಳಿದ್ದುವೆ?" ಎಂಬುದು ಮೊದಲನೆಯದು. ಇದ್ದುವು. ಕತ್ತು ನಿಂತಿತು, ಬೋರಲು ಬಿದ್ದಿತು, ಅಂಬೆಗಾಲಿಟ್ಟಿತು, ಹೊಸ್ತಿಲು ದಾಟಿತು, ತೊದಲು ಬಂದಿತು ಎಂಬ ಮಾತುಗಳೇ ಅವರ ಪಟ್ಟಿ. ದಿನವೂ ಎಣ್ಣೆ ಹಚ್ಚಿ ಕಾಲ ಮೇಲೆ ಮಲಗಿಸಿ ನೀರೆರೆಯುವವಳಿಗೆ ಯಾವ ಕೈ ಸೆಟೆದಿದೆ, ಯಾವ ಕಾಲು ಸೋತಿದೆ ಎಂಬುದು ಅಂಗೈಗೇ ತಿಳಿಯುತ್ತಿದ್ದಿತು. ಆ ಕಣ್ಣನ್ನು ಕಳೆದುಕೊಂಡು ಅವರ ಹೆಸರನ್ನು ಮಾತ್ರ ಹೇಳುವುದು ತರವಲ್ಲ.

"ವೈದ್ಯರಿಗೆ ತೋರಿಸಿದರೆ ಮಗುವಿಗೆ ಕಳಂಕ ಹತ್ತುವುದು" ಎಂಬುದು ಎರಡನೆಯದು. ಸಮಾಧಾನವೇನೆಂದರೆ, ತೋರಿಸಿದವರಲ್ಲಿ ಹಲವರು ದೋಷವಿಲ್ಲವೆಂಬ ನೆಮ್ಮದಿಯಿಂದ ಮರಳುವರು. ದೋಷವಿದ್ದರೆ ಎಳೆಯ ಮಿದುಳು ಬಾಗುವ ಕಾಲದಲ್ಲಿಯೇ ಉಪಚಾರ ದೊರೆಯುವುದು. ಕಳಂಕವಿರುವುದು ಮುಚ್ಚಿಡುವುದರಲ್ಲಿ.

ಹಾಗಾದರೆ ಯಾವುದನ್ನು ಕಾಯಬಹುದು, ಯಾವುದನ್ನು ಕಾಯಬಾರದು? ತಿಂಗಳು ತುಂಬದೆ ಹುಟ್ಟಿದ ಮಗುವಿಗೆ ಎರಡು ವರ್ಷದವರೆಗೆ ವಯಸ್ಸನ್ನು ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಎಣಿಸತಕ್ಕುದು. ಉಳಿದಂತೆ ನಾಲ್ಕು ತಿಂಗಳಿಗೂ ಕತ್ತು ನಿಲ್ಲದಿರುವುದು, ಒಂಬತ್ತು ದಾಟಿದರೂ ಆಸರೆಯಿಲ್ಲದೆ ಕೂರದಿರುವುದು, ವರ್ಷವಾದರೂ ಕೈ ಚಾಚಿ ತೋರಿಸದೆ, ಹೆಸರು ಹಿಡಿದು ಕರೆದರೆ ತಿರುಗದೆ ಇರುವುದು, ಹದಿನೆಂಟು ತಿಂಗಳಿಗೂ ನಡೆಯದಿರುವುದು, ಎರಡು ವರ್ಷಕ್ಕೂ ಎರಡು ಮಾತನ್ನು ಕೂಡಿಸಿ ಆಡದಿರುವುದು, ಇವನ್ನು ಕಂಡರೆ ಕಾಯದೆ ತೋರಿಸಬೇಕು. ಬಂದ ಮಾತಾಗಲಿ ನಡೆಯಾಗಲಿ ಹಿಂದಿರುಗಿ ಹೋದರೆ ಯಾವ ವಯಸ್ಸಿನಲ್ಲಿಯೂ ಒಂದು ದಿನವನ್ನೂ ಕಳೆಯಬಾರದು.

ಸಾಧನಗಳಿಗೆ ಕೊರತೆಯೆಂದು ಪೂರ್ಣವಾಗಿ ಹೇಳುವಂತಿಲ್ಲ. ತಾಯಿಮಕ್ಕಳ ರಕ್ಷಣಾ ಕಾರ್ಡಿನಲ್ಲಿ ಈ ಮೆಟ್ಟಿಲುಗಳು ಚಿತ್ರಸಹಿತವಾಗಿ ಅಚ್ಚಾಗಿವೆ. ಸೂಜಿಮದ್ದಿನ ದಿನಾಂಕಕ್ಕಲ್ಲದೆ ಆ ಪುಟಗಳನ್ನು ತೆರೆಯುವವರು ವಿರಳ. 2013ರಲ್ಲಿ ತೊಡಗಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಬೆಳವಣಿಗೆಯ ತಡವನ್ನು ಶೋಧಿಸುವ ಏರ್ಪಾಡಿದೆ. ವಾಕ್ ಶ್ರವಣ ದೋಷಗಳಿಗೆ ಮೈಸೂರಿನಲ್ಲಿ ದೇಶಕ್ಕೇ ಹೆಸರಾದ ಸಂಸ್ಥೆಯಿದೆ. ಇವು ಹಳ್ಳಿಯ ತಾಯಿಗೆ ತಿಳಿಯುವಂತೆ ಮಾಡುವುದು ಸರ್ಕಾರದ ಕೆಲಸವೆಂದು ನಾವು ಕೈಕಟ್ಟಿ ಕೂರಬೇಕೆ? ಹಸುಳೆಯ ತೊದಲನ್ನು ಕವಿತೆಗಳಲ್ಲಿ ಕೊಂಡಾಡುವ ನಮ್ಮ ಸಂಘದವರು, ಆ ತೊದಲು ಬಾರದ ಹಸುಳೆಯ ಮನೆಯ ಬಾಗಿಲನ್ನೂ ಒಮ್ಮೆ ತಟ್ಟಲಿ. ಪ್ರತಿ ತಿಂಗಳ ಸಭೆಗೆ ಮೊದಲು ಒಬ್ಬೊಬ್ಬ ಸದಸ್ಯರು ತಮ್ಮ ಬೀದಿಯ ಅಂಗನವಾಡಿಗೆ ಹೋಗಿ, ಆ ಕಾರ್ಡಿನ ಪುಟವನ್ನು ತಾಯಂದಿರಿಗೆ ಓದಿ ಹೇಳಿದರೆ ಸಾಕು. ಅದಕ್ಕೆ ಹಣವೂ ಬೇಡ, ಅಧ್ಯಕ್ಷರೂ ಬೇಡ.